ಊರ ಬೆಂಕಿ ಆರಿಸುವವರು ಯಾರ ಮನುಷ್ಯರು?

(ಶಾಲೆಯ ವಾರ್ಷಿಕೋತ್ಸವದಂದು ವಿದ್ಯಾರ್ಥಿಗಳನ್ನೂ ಪಾಲಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಬೆಂಕಿಯನ್ನು ಆರಿಸುವುದು ಸಂಬಳಕ್ಕಾಗಿ ಮಾಡುವ ಉದ್ಯೋಗವೋ ಅಥವಾ ಸೇವೆಯೆಂದು ಮಾಡುವ ಕೆಲಸವೋ ಎಂಬ ಪ್ರಶ್ನೆ ಮೊದಲು ಕೇಳಿದಾಗ ವಿಚಿತ್ರವೆನಿಸಬಹುದು. ನಮ್ಮಲ್ಲಿ ಎಲ್ಲಿಯಾದರೂ ಬೆಂಕಿ ಬಿದ್ದರೆ ಕೆಂಪು ಬಂಡಿ ಗಂಟೆ ಬಾರಿಸುತ್ತ ಬರುತ್ತದೆ. ಅದರಲ್ಲಿ ಬರುವವರು ಸರಕಾರದ ನೌಕರರು. ಅದು ಬಂದು ಮುಟ್ಟುವ ತನಕ ನೆರೆಕರೆಯವರು ಬಾವಿಯಿಂದ ಕೊಡಪಾನಗಟ್ಟಲೆ ನೀರು ಸೇದಿ ಹೊಯ್ಯುತ್ತಾರೆ. ಅವರಿಗೆ ಸಂಬಳವೂ ಇಲ್ಲ, ಸಮವಸ್ತ್ರವೂ ಇಲ್ಲ. ಎರಡನ್ನೂ ನಾವು ಕಣ್ಣಾರೆ ಕಂಡಿರುವುದರಿಂದ ಇವರಿಬ್ಬರ ನಡುವೆ ವ್ಯಾಜ್ಯವಿರಬಹುದೆಂಬುದು ನಮಗೆ ಹೊಳೆಯುವುದೇ ಇಲ್ಲ. ಆದರೆ ಅಮೆರಿಕ ದೇಶದಲ್ಲಿ ಈ ವ್ಯಾಜ್ಯ ನೂರೈವತ್ತು ವರ್ಷಗಳಿಗೂ ಮಿಕ್ಕಿ ನಡೆದುಬಂದಿದೆ. ಅದರ ಹೆಸರಿನಲ್ಲಿ ಚುನಾವಣೆಗಳನ್ನು ಗೆದ್ದವರಿದ್ದಾರೆ, ತಲೆಯೊಡೆಸಿಕೊಂಡವರೂ ಇದ್ದಾರೆ. ಆ ಕಥೆಯನ್ನೇ ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇವೆ. ಕಥೆ ಹೊರದೇಶದ್ದು ನಿಜ. ಆದರೆ ಪಂಚಾಯತು, ತೆರಿಗೆ, ಮತ, ಕಕ್ಷಿ ಎಂಬ ಮಾತುಗಳನ್ನು ಬಲ್ಲ ಯಾವ ಊರಿನವರಿಗೂ ಅದು ತೀರ ಅಪರಿಚಿತವೆನಿಸಲಾರದು.

ಕಥೆಯ ಆರಂಭ ಬಹಳ ಚೆಲುವಾಗಿದೆ. ೧೭೩೬ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾ ಪಟ್ಟಣದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಎಂಬ ಮುದ್ರಣಾಲಯದ ಯಜಮಾನನು ಗೆಳೆಯರನ್ನು ಕೂಡಿಸಿಕೊಂಡು 'ಯೂನಿಯನ್ ಫೈರ್ ಕಂಪೆನಿ' ಎಂಬ ಸಂಘವನ್ನು ಕಟ್ಟಿದನು. ಮುಂದೆ ಮಿಂಚಿನ ಗುಟ್ಟನ್ನು ಪರೀಕ್ಷಿಸಿದ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಫ್ರಾಂಕ್ಲಿನ್ ಇವನೇ. ಸಂಘದ ನಿಯಮಗಳು ಸರಳವಾಗಿದ್ದವು. ಪ್ರತಿಯೊಬ್ಬ ಸದಸ್ಯನೂ ಕೆಲವು ತೊಗಲಿನ ಬಾಲ್ದಿಗಳನ್ನೂ, ಮನೆಯ ಸಾಮಾನು ತುಂಬಿ ಹೊರತರಲು ಗಟ್ಟಿಯಾದ ಚೀಲ ಬುಟ್ಟಿಗಳನ್ನೂ ಸದಾ ಸಿದ್ಧವಾಗಿ ಇಟ್ಟುಕೊಂಡಿರಬೇಕು. ಬೆಂಕಿ ಎಂಬ ಕೂಗು ಕೇಳಿದೊಡನೆ ಅವುಗಳನ್ನೆತ್ತಿಕೊಂಡು ಓಡಬೇಕು. ತಿಂಗಳಿಗೊಮ್ಮೆ ಎಲ್ಲರೂ ಕೂಡಿ, ಬೆಂಕಿಯನ್ನು ಕುರಿತು ತಮಗೆ ತೋಚಿದ್ದನ್ನು ಚರ್ಚಿಸಬೇಕು. ಸಭೆಗೆ ಬಾರದವನಿಗೆ ದಂಡ. ಆ ದಂಡದ ಹಣದಿಂದಲೇ ಏಣಿ, ಕೊಕ್ಕೆ, ನೀರೆತ್ತುವ ಯಂತ್ರಗಳನ್ನು ಕೊಂಡರು. ಸದಸ್ಯರ ಸಂಖ್ಯೆ ೩೦ ಆದಾಗ, ಸೇರಬಯಸಿ ಬಂದ ಉಳಿದವರಿಗೆ ನೀವೇ ಇನ್ನೊಂದು ಸಂಘ ಕಟ್ಟಿಕೊಳ್ಳಿರೆಂದು ಹೇಳಲಾಯಿತು. ಅವರು ಕಟ್ಟಿಯೂ ಕಟ್ಟಿದರು. ಹೀಗೆ ಒಂದರ ಹಿಂದೊಂದು ಸಂಘ ಹುಟ್ಟಿ, ಊರಿನ ಆಸ್ತಿವಂತರೆಲ್ಲ ಒಂದಲ್ಲ ಒಂದು ಸಂಘದ ಸದಸ್ಯರಾದರು. ಸಭೆಗೆ ಬಾರದ ಸದಸ್ಯರಿಂದ ಊರಿಗೆ ಉಪಕಾರವಾದ ಉದಾಹರಣೆ ಇದಲ್ಲದೆ ಇನ್ನೊಂದು ನಮಗೆ ತಿಳಿಯದು!

ಆಗಿನ ಯಂತ್ರದ ಸ್ವರೂಪವನ್ನು ಮಕ್ಕಳು ಸ್ವಲ್ಪ ತಿಳಿದುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಅದು ಗಾಲಿಗಳ ಮೇಲಿನ ಒಂದು ತೊಟ್ಟಿ. ಅದರೊಳಗೆ ಪಂಪು, ಎರಡು ಬದಿಗೂ ಉದ್ದವಾದ ಹಿಡಿಗೋಲುಗಳು. ಏತದ ಮರದಂತೆ ಒಂದು ಬದಿ ಮೇಲೇರಿದಾಗ ಇನ್ನೊಂದು ಬದಿ ಕೆಳಗಿಳಿಯುವುದು. ದೊಡ್ಡ ಯಂತ್ರವಾದರೆ ನಲವತ್ತು ಐವತ್ತು ಮಂದಿ ಎರಡೂ ಕಡೆ ನಿಂತು ತುಯ್ಯಬೇಕು. ಕೆಲವೇ ನಿಮಿಷಗಳಲ್ಲಿ ರಟ್ಟೆ ಸೋಲುವುದು. ಬದಲಿ ಆಳುಗಳು ಪಕ್ಕದಲ್ಲೇ ನಿಂತಿರಬೇಕು. ಯಂತ್ರವನ್ನು ಬೀದಿಯಲ್ಲಿ ಎಳೆದು ತರುವವರೂ ಮನುಷ್ಯರೇ. ಆದುದರಿಂದ ಒಂದು ಯಂತ್ರವೆಂದರೆ ಐವತ್ತು ಅರವತ್ತು ತರುಣರ ಒಂದು ಗುಂಪು. ಒಂದೇ ಕೇರಿಯವರು, ಒಬ್ಬನೇ ನಾಯಕನ ಮಾತು ಕೇಳುವವರು, ಸಂಜೆಯ ಹೊತ್ತು ಯಂತ್ರದ ಮನೆಯಲ್ಲಿ ಕಲೆತು ಕಾಲ ಕಳೆಯುವವರು. ಮತದಾನದ ಹಕ್ಕು ಜನಸಾಮಾನ್ಯರಿಗೆ ಹರಡುತ್ತಿದ್ದ ಕಾಲವದು. ಇಂತಹ ಗುಂಪು ರಾಜಕಾರಣಿಯ ಕಣ್ಣಿಗೆ ಬೀಳದೆ ಉಳಿದೀತೇ?

ನ್ಯೂಯಾರ್ಕಿನಲ್ಲಿ ನಡೆದುದನ್ನು ನೋಡೋಣ. ೧೮೩೫ರ ಡಿಸೆಂಬರಿನ ಒಂದು ರಾತ್ರಿ ಅಲ್ಲಿನ ವ್ಯಾಪಾರದ ಕೇರಿಗೆ ಬೆಂಕಿ ಬಿದ್ದಿತು. ನದಿ ಹೆಪ್ಪುಗಟ್ಟಿತ್ತು, ಕೊಳವೆಯೊಳಗಿನ ನೀರೂ ಹೆಪ್ಪುಗಟ್ಟಿತು. ಐದುನೂರಕ್ಕೂ ಮಿಕ್ಕ ಕಟ್ಟಡಗಳು ಸುಟ್ಟುಹೋದವು. ನಷ್ಟ ತುಂಬಿಕೊಡಲಾಗದೆ ಅನೇಕ ವಿಮಾ ಸಂಸ್ಥೆಗಳು ದಿವಾಳಿಯೆದ್ದವು. ಆಗ ಸ್ವಯಂಸೇವಕ ದಳಗಳಿಗೆಲ್ಲ ಮುಖ್ಯಸ್ಥನಾಗಿದ್ದವನು ಜೇಮ್ಸ್ ಗುಲಿಕ್. ಅವನು ಜನಪ್ರಿಯ, ಆದರೆ ನಗರಸಭೆಯ ಕೆಲವರಿಗೆ ಅವನು ಬೇಡವಾಗಿದ್ದನು. ೧೮೩೬ರ ಮೇ ತಿಂಗಳಲ್ಲಿ ಸಭೆ ಅವನನ್ನು ಪದವಿಯಿಂದ ತೆಗೆದುಹಾಕಿತು. ಆ ಸುದ್ದಿ ಬಂದುದು ಬೆಂಕಿಯೊಂದನ್ನು ಆರಿಸುತ್ತಿದ್ದ ಹೊತ್ತಿನಲ್ಲೇ! ಕೇಳಿದ ಸ್ವಯಂಸೇವಕರು ಹಿಡಿಗೋಲುಗಳನ್ನು ಬಿಟ್ಟು ನಿಂತುಬಿಟ್ಟರು. ಕಡೆಗೆ ಗುಲಿಕನೇ ಅವರನ್ನು ಒಪ್ಪಿಸಿ ಕೆಲಸಕ್ಕೆ ಹಚ್ಚಬೇಕಾಯಿತು. ಅದಾದ ಮೇಲೆ ಅವರು ಗುಂಪುಗುಂಪಾಗಿ ರಾಜೀನಾಮೆ ಕೊಟ್ಟರು. ಅದೇ ವರ್ಷದ ಚುನಾವಣೆಯಲ್ಲಿ ಗುಲಿಕನು ವಿರೋಧಪಕ್ಷದ ಬೆಂಬಲದಿಂದ ನಗರದ ದಸ್ತಾವೇಜು ನೋಂದಣಿಯ ಅಧಿಕಾರಿಯ ಸ್ಥಾನಕ್ಕೆ ನಿಂತು ಭಾರಿ ಬಹುಮತದಿಂದ ಗೆದ್ದನು.

ಇದರಲ್ಲಿ ಯಾರ ತಪ್ಪೆಂದು ವಿದ್ಯಾರ್ಥಿಗಳು ಕೇಳಬಹುದು. ಯೋಗ್ಯನೊಬ್ಬನನ್ನು ಕಕ್ಷಿಯ ಕಾರಣದಿಂದ ತೆಗೆದ ನಗರಸಭೆಯದು ತಪ್ಪು ಎನ್ನೋಣ. ಆದರೆ ಉರಿಯುವ ಕಟ್ಟಡದ ಮುಂದೆ ಕೈಕಟ್ಟಿ ನಿಂತವರನ್ನೂ ಸರಿಯೆನ್ನುವುದು ಹೇಗೆ? ಸಂಬಳ ಪಡೆಯದವನನ್ನು ಕೆಲಸ ಬಿಟ್ಟೆಯೇಕೆಂದು ಕೇಳುವ ಅಧಿಕಾರ ಯಾರಿಗಿದೆ? ಈ ಕೊನೆಯ ಪ್ರಶ್ನೆಗೆ ನ್ಯೂಯಾರ್ಕಿನವರಿಗೆ ಮತ್ತೆ ಮೂವತ್ತು ವರ್ಷ ಉತ್ತರ ಸಿಗಲಿಲ್ಲ.

ಅಷ್ಟರಲ್ಲಿ ಸಂಘಸಂಘಗಳ ನಡುವಣ ಸ್ಪರ್ಧೆ ಮಿತಿಮೀರಿತು. ನೀರಿನ ಮೂಲ ದೂರವಿದ್ದರೆ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ ಒಂದರಿಂದ ಇನ್ನೊಂದಕ್ಕೆ ನೀರು ಸಾಗಿಸುತ್ತಿದ್ದರು. ಹಿಂದಿನವರು ಬೇಗ ಬೇಗ ತುಯ್ದು ಮುಂದಿನವರ ತೊಟ್ಟಿ ತುಂಬಿ ಚೆಲ್ಲುವಂತೆ ಮಾಡಿದರೆ ಮುಂದಿನವರಿಗೆ ಘೋರ ಅವಮಾನ. ಬೀದಿಯ ನೀರಿನ ನಲ್ಲಿ ಮೊದಲು ತಮಗೇ ದೊರೆಯಬೇಕೆಂದು, ಒಬ್ಬ ಗಟ್ಟಿಗನನ್ನು ಮುಂದಾಗಿ ಓಡಿಸಿ, ನಲ್ಲಿಯ ಮೇಲೊಂದು ಪೀಪಾಯಿ ಕವುಚಿ ಅದರ ಮೇಲೆ ಅವನನ್ನು ಕೂರಿಸುವುದು ವಾಡಿಕೆಯಾಯಿತು. ಪೀಪಾಯಿಯ ಮೇಲೆ ಕುಳಿತವನನ್ನು ಎಬ್ಬಿಸಲು ಬಂದವರಿಗೂ ಅವನಿಗೂ ಹೊಡೆದಾಟ. ಇತ್ತ ಮನೆ ಉರಿಯುತ್ತಿರುವುದು. ಫ್ರಾಂಕ್ಲಿನನ ಫಿಲಡೆಲ್ಫಿಯಾದ ಪಾಡು ಇನ್ನೂ ಕೆಟ್ಟಿತು. ಅಲ್ಲಿ ವಲಸೆ ಬಂದ ಐರಿಷ್ ಕ್ಯಾಥೊಲಿಕರಿಗೂ, ನಾವೇ ಮೂಲದವರು ಎನ್ನುತ್ತಿದ್ದವರಿಗೂ ೧೮೪೪ರಲ್ಲಿ ದೊಡ್ಡ ದಂಗೆಗಳಾದವು. ಆ ದಂಗೆಯಲ್ಲಿ ಸತ್ತ ತರುಣನೊಬ್ಬನ ಹೆಸರನ್ನೇ ಇಟ್ಟುಕೊಂಡು ಒಂದು ಪಕ್ಷದವರ ಬೆಂಕಿಯ ಸಂಘ ಹುಟ್ಟಿತು. ಎದುರು ಪಕ್ಷದ ಮೊಯಮೆನ್ಸಿಂಗ್ ಸಂಘದ ಮುಂದಾಳು ವಿಲಿಯಂ ಮೆಕ್‌ಮುಲ್ಲನ್ ತನ್ನ ಕೇರಿಯ ರಾಜಕೀಯ ಧಣಿಯಾಗಿ ಬೆಳೆದನು. ನೆರೆಮನೆಯವನ ಮತ ಯಾವುದೆಂದು ಕೇಳದೆ ಬಾಲ್ದಿ ಹಿಡಿದು ಓಡಬೇಕೆಂಬುದಕ್ಕಾಗಿ ಹುಟ್ಟಿದ ಸಂಸ್ಥೆ ನೂರಕ್ಕೆ ಸ್ವಲ್ಪ ಮಿಕ್ಕ ವರ್ಷಗಳಲ್ಲಿ ಈ ಸ್ಥಿತಿಗೆ ಇಳಿಯಿತು.

ಬದಲಾವಣೆ ಮೊದಲು ಬಂದುದು ಒಹಾಯೊ ನದಿಯ ದಡದ ಸಿನ್ಸಿನಾಟಿ ಪಟ್ಟಣದಲ್ಲಿ. ೧೮೫೧ರಲ್ಲಿ ಅಲ್ಲಿನ ಮರ ಕೊಯ್ದು ನಯಗೊಳಿಸುವ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದಾಗ, ಆರಿಸಲು ಬಂದ ಸಂಘಗಳು ತಮ್ಮೊಳಗೇ ಬಡಿದಾಡತೊಡಗಿ, ಕಾರ್ಖಾನೆ ಬೂದಿಯಾಯಿತು. ಊರವರ ಸಹನೆ ಅಲ್ಲಿಗೆ ಮುಗಿಯಿತು. ಅದೇ ಹೊತ್ತಿಗೆ ಆ ಊರಿನ ಕುಶಲಿಗರಾದ ಏಬೆಲ್ ಶಾಕ್, ಅಲೆಕ್ಸಾಂಡರ್ ಲಾಟಾ ಎಂಬಿಬ್ಬರು ಹಬೆಯಿಂದ ನಡೆಯುವ ಬೆಂಕಿಯಂತ್ರವನ್ನು ತಯಾರಿಸಿದರು. ಅದನ್ನು ಎಳೆಯಲು ಕುದುರೆಗಳು ಸಾಕು. ನಡೆಸಲು ಪಳಗಿದ ಕೆಲವೇ ಮಂದಿ ಸಾಕು. ಬೆಂಬಲಿಸಿದ ನಗರಸಭಾ ಸದಸ್ಯನೊಬ್ಬನ ಹೆಸರಿನಿಂದ ಅದಕ್ಕೆ 'ಅಂಕಲ್ ಜೋ ರಾಸ್' ಎಂದು ಕರೆದರು. ೧೮೫೩ರ ಏಪ್ರಿಲ್ ೧ರಿಂದ ಆ ನಗರ ಸಂಬಳದ ದಳವನ್ನು ನೇಮಿಸಿತು. ಕಬ್ಬಿಣದ ಎರಕದ ಕಾರ್ಖಾನೆಯ ಒಡೆಯ ಮೈಲ್ಸ್ ಗ್ರೀನ್‌ವುಡ್ ಅದರ ಮೊದಲ ಮುಖ್ಯಸ್ಥ. ಇವನೂ ಹಿಂದೆ ಸ್ವಯಂಸೇವಕನಾಗಿದ್ದವನೇ ಎಂಬುದನ್ನು ಗಮನಿಸಬೇಕು. ಹಳೆಯ ಸಂಘದವರು ಹೊಸ ಯಂತ್ರವನ್ನು ಒಡೆದುಹಾಕುವೆವೆಂದು ಬೆದರಿಸಿದರು. ಬೀದಿಯಲ್ಲಿ ಕೈಕೈ ಮಿಲಾಯಿಸಿದರು. ಆದರೆ ಯಂತ್ರ ನಿಂತಿತು. ಐವತ್ತು ರಟ್ಟೆಗಳ ಕೆಲಸವನ್ನು ಒಂದು ಬಾಯ್ಲರು ಮಾಡಬಲ್ಲುದೆಂದು ಕಂಡ ಮೇಲೆ ಐವತ್ತು ಮತಗಳ ಬೆಲೆಯೂ ಕುಗ್ಗಿತು.

ನ್ಯೂಯಾರ್ಕಿನಲ್ಲಿ ಅದು ಅಷ್ಟು ಸುಲಭವಾಗಲಿಲ್ಲ. ಅಲ್ಲಿ 'ಅಮೆರಿಕಸ್ ೬ನೆಯ ಯಂತ್ರದ ಸಂಘ' ಎಂಬುದಕ್ಕೆ ವಿಲಿಯಂ ಟ್ವೀಡ್ ಎಂಬ ಧಡೂತಿ ತರುಣ ನಾಯಕನಾಗಿದ್ದನು. ಇನ್ನೊಂದು ಸಂಘದವರ ಮೇಲೆ ಬಿದ್ದು ಹೊಡೆದರೆಂದು ೧೮೫೦ರಲ್ಲಿ ಮುಖ್ಯಸ್ಥನು ಅವನನ್ನು ಹೊರಹಾಕಬೇಕೆಂದಾಗ ನಗರಸಭೆ ಅವನನ್ನು ಹಗುರವಾದ ಶಿಕ್ಷೆಯಿಂದ ಬಿಟ್ಟಿತು. ಮರುವರ್ಷ ಅವನೇ ನಗರಸಭೆಗೆ ಆರಿಸಿ ಬಂದನು. ಆಮೇಲೆ ದೇಶದ ಸಂಸತ್ತಿಗೂ ಹೋಗಿ ಬಂದು, ಟ್ಯಾಮನಿ ಎಂಬ ಕಕ್ಷಿಕೂಟದ ಧಣಿಯಾಗಿ ನಗರದ ಬೊಕ್ಕಸವನ್ನೇ ಬರಿದುಮಾಡಿದನು. ಅವನ ಯಂತ್ರದ ಮೇಲೆ ಬರೆಸಿದ್ದ ಹುಲಿಯ ಮುಖವೇ ಮುಂದೆ ವ್ಯಂಗ್ಯಚಿತ್ರಕಾರ ಥಾಮಸ್ ನ್ಯಾಸ್ಟನ ಕೈಯಲ್ಲಿ ಆ ಕೂಟದ ಲಾಂಛನವಾಯಿತು.

೧೮೬೩ರ ಜುಲೈಯಲ್ಲಿ ಕೇಡು ತುದಿಗೆ ಮುಟ್ಟಿತು. ಅಂತರ್ಯುದ್ಧದ ಕಾಲ, ಸೈನ್ಯಕ್ಕೆ ಚೀಟಿಯೆತ್ತಿ ಜನರನ್ನು ಆರಿಸುತ್ತಿದ್ದರು. ಬೆಂಕಿಯ ದಳದವರಿಗೆ ಹಿಂದಿನಿಂದ ನಾಗರಿಕ ಸೇನೆಯ ಕರ್ತವ್ಯದಿಂದ ವಿನಾಯತಿ ಇತ್ತು. ಈ ಸಲ ಇರಲಿಲ್ಲ. ೩೩ನೆಯ ಸಂಘದ ಕೆಲವರ ಹೆಸರು ಚೀಟಿಯಲ್ಲಿ ಬಂದಿತು. ಜುಲೈ ೧೩ರ ಸೋಮವಾರ ಅವರೇ ಮುಂದಾಗಿ ನಿಂತು ಚೀಟಿಯೆತ್ತುವ ಕಚೇರಿಗೆ ಬೆಂಕಿ ಹಚ್ಚಿದರು. ಮುಂದೆ ನಾಲ್ಕು ದಿನ ನಗರದಲ್ಲಿ ನಡೆದ ದೊಂಬಿಯಲ್ಲಿ ನೂರಕ್ಕೂ ಮಿಕ್ಕ ಜನ ಸತ್ತರು. ಬಡ ನೀಗ್ರೊ ಮಕ್ಕಳ ಅನಾಥಾಲಯವೂ ಸುಟ್ಟುಹೋಯಿತು. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು: ಅದೇ ದಿನಗಳಲ್ಲಿ ಬೇರೆ ಸಂಘಗಳ ಸ್ವಯಂಸೇವಕರು ದೊಂಬಿಯ ಗುಂಪಿನ ಎದುರು ನಿಂತು ಬೆಂಕಿ ಆರಿಸಿದರು. ದಳದ ಮುಖ್ಯಸ್ಥ ಜಾನ್ ಡೆಕರ್ ಅನಾಥಾಲಯವನ್ನು ಉಳಿಸಲು ಪ್ರಾಣದ ಹಂಗು ತೊರೆದು ಹೆಣಗಿದನು.

ಎರಡು ವರ್ಷಗಳ ತರುವಾಯ, ೧೮೬೫ರ ಮಾರ್ಚಿನಲ್ಲಿ, ರಾಜ್ಯದ ಶಾಸನಸಭೆ ಸ್ವಯಂಸೇವಕ ದಳವನ್ನು ರದ್ದುಮಾಡಿ ಸಂಬಳದ ದಳವನ್ನು ಸ್ಥಾಪಿಸಿತು. ಇದೂ ಶುದ್ಧ ಜನಹಿತದಿಂದಲೇ ಆಯಿತೆಂದು ನಂಬಬೇಡಿರಿ. ರಾಜ್ಯದ ಶಾಸನಸಭೆಯಲ್ಲಿ ರಿಪಬ್ಲಿಕನ್ ಪಕ್ಷದ ಬಹುಮತ. ನಗರದಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರಾಬಲ್ಯ. ಸ್ವಯಂಸೇವಕ ಸಂಘಗಳೋ ಆ ಪಕ್ಷದ ಬೇರುಗಳು. ಬೇರು ಕಡಿಯುವ ಆಸೆಯೂ ಬೆಂಕಿ ಆರಿಸುವ ಆಸೆಯೂ ಒಂದೇ ಕಾಯಿದೆಯಲ್ಲಿ ಕೂಡಿದ್ದವು. ಸುಮಾರು ೪,೦೦೦ ಸ್ವಯಂಸೇವಕರ ಬದಲಿಗೆ ಕೆಲವು ನೂರು ಮಂದಿ, ವರ್ಷಕ್ಕೆ ೭೦೦ ಡಾಲರು ಸಂಬಳಕ್ಕೆ, ಹೆಚ್ಚುಕಡಿಮೆ ಹಗಲಿರುಳೂ ಠಾಣೆಯಲ್ಲೇ ಇರಬೇಕಾದ ನೌಕರರಾದರು. ಇನ್ನು ರಾಜಕೀಯ ತೊಲಗಿತೆಂದು ನಿಟ್ಟುಸಿರು ಬಿಟ್ಟವರಿಗೆ ಐದೇ ವರ್ಷದಲ್ಲಿ ಉತ್ತರ ದೊರೆಯಿತು. ೧೮೭೦ರಲ್ಲಿ ಹೊಸ ಸನದನ್ನು ಪಡೆದು ಆ ದಳವನ್ನು ಮರಳಿ ನಗರದ ಕೈಗೆ ತಂದವನು ಮತ್ತಾರೂ ಅಲ್ಲ, ಹಿಂದಿನ ೬ನೆಯ ಯಂತ್ರದ ನಾಯಕ ಟ್ವೀಡನೇ! ಹಿಂದೆ ಮತಕ್ಕಾಗಿ ಯಂತ್ರ ಬೇಕಾಗಿತ್ತು. ಈಗ ಮತಕ್ಕಾಗಿ ಕೊಡಲು ಸಂಬಳದ ಹುದ್ದೆಗಳಿದ್ದವು.

ಅದೇ ೧೮೬೫ರಲ್ಲಿ ಲಂಡನ್ ಪಟ್ಟಣಕ್ಕೂ ಸರಕಾರಿ ದಳದ ಕಾಯಿದೆ ಬಂದಿತು. ಆದರೆ ದಾರಿ ಬೇರೆ. ಅಲ್ಲಿ ಬೆಂಕಿ ಆರಿಸುವ ಕೆಲಸವನ್ನು ವಿಮಾ ಸಂಸ್ಥೆಗಳು ಹಣ ಕೂಡಿಸಿ ನಡೆಸುತ್ತಿದ್ದವು. ೧೮೬೧ರ ಟೂಲಿ ಬೀದಿಯ ಮಹಾ ಅಗ್ನಿಯಲ್ಲಿ ಅವರ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಗೋಡೆ ಕುಸಿದು ಸತ್ತನು. ನಷ್ಟ ಎಣಿಕೆಗೆ ಮೀರಿತು. ಇನ್ನು ನಮ್ಮಿಂದಾಗದೆಂದು ಸಂಸ್ಥೆಗಳು ಕೈಯೆತ್ತಿದವು. ಲಾಭವಿರುವ ತನಕ ಬೆಂಕಿ ಆರಿಸುವೆವೆನ್ನುವವರನ್ನು ನಂಬಿ ಊರು ನಿಲ್ಲದೆಂಬುದು ಅವರಿಗೆ ಹಾಗೆ ತಿಳಿಯಿತು.

ಈಗಿನ ಅಮೆರಿಕದಲ್ಲಿ ಸ್ವಯಂಸೇವಕರು ಮುಗಿದುಹೋದರೆಂದು ತಿಳಿದರೆ ತಪ್ಪು. ೨೦೨೦ರ ಲೆಕ್ಕದಂತೆ ಅಲ್ಲಿನ ಹತ್ತು ಲಕ್ಷಕ್ಕೂ ಮಿಕ್ಕ ಅಗ್ನಿಶಾಮಕರಲ್ಲಿ ಸುಮಾರು ೬,೭೭,೦೦೦ ಮಂದಿ ಸ್ವಯಂಸೇವಕರು. ದೊಡ್ಡ ನಗರಗಳಲ್ಲಿ ಸಂಬಳದವರು. ಸಣ್ಣ ಊರುಗಳಲ್ಲಿ ಅಂಗಡಿಯವನು, ಶಾಲೆಯ ಉಪಾಧ್ಯಾಯ, ಬೇಸಾಯಗಾರ ಇವರೇ ಕರೆ ಬಂದೊಡನೆ ಓಡುವವರು. ಆದರೆ ೧೯೮೪ರಲ್ಲಿ ಇಂಥವರು ಸುಮಾರು ೮,೯೭,೦೦೦ ಇದ್ದರು. ತರುಣರು ದೂರದ ಊರುಗಳಿಗೆ ದುಡಿಯಲು ಹೋಗುತ್ತಾರೆ, ತರಬೇತಿಯ ಗಂಟೆಗಳು ಹೆಚ್ಚಿವೆ, ಕರೆಗಳೂ ಹೆಚ್ಚಿವೆ. ಹೀಗಾಗಿ ಊರೂರಿನ ಸಭೆಯಲ್ಲಿಯೂ ಹಳೆಯ ಜಗಳ ಹೊಸದಾಗಿ ಏಳುತ್ತದೆ. ಸಂಬಳದವರನ್ನು ನೇಮಿಸೋಣವೆಂದರೆ ತೆರಿಗೆ ಏರಬೇಕು. ತೆರಿಗೆ ಏರಿಸಿದವನು ಮುಂದಿನ ಸಲ ಸೋಲುತ್ತಾನೆ. ನೇಮಿಸದಿದ್ದರೆ ಹಗಲು ಹೊತ್ತಿನಲ್ಲಿ ಬಂಡಿ ಇದ್ದೂ ಹತ್ತುವವರಿಲ್ಲ. ನಗರದಲ್ಲಿ ಸಂಬಳಕ್ಕೆ ದುಡಿಯುವವನು ರಜೆಯ ದಿನ ತನ್ನ ಹಳ್ಳಿಯಲ್ಲಿ ಸೇವೆ ಮಾಡಹೊರಟರೆ, ೧೯೧೮ರಲ್ಲಿ ಹುಟ್ಟಿದ ನೌಕರರ ಒಕ್ಕೂಟ ಅದನ್ನು ಒಪ್ಪುವುದಿಲ್ಲ. ಪುಕ್ಕಟೆ ಕೆಲಸ ದೊರೆಯುವಲ್ಲಿ ಸಂಬಳದ ಹುದ್ದೆ ಹುಟ್ಟದೆಂಬುದು ಅವರ ಭಯ. ಭಯ ಸುಳ್ಳೆನ್ನುವಂತಿಲ್ಲ, ಆದರೆ ತನ್ನ ನೆರೆಯವನ ಮನೆ ಉರಿಯುವಾಗ ಅವನೇನು ಮಾಡಬೇಕು?

ತೆರಿಗೆಯ ಮಾತು ಬಂದುದರಿಂದ ಒಂದು ಘಟನೆಯನ್ನು ಬಿಡದೆ ಹೇಳಬೇಕು. ಟೆನೆಸಿ ರಾಜ್ಯದ ಒಬಿಯನ್ ಜಿಲ್ಲೆಗೆ ತನ್ನದೇ ಆದ ಬೆಂಕಿಯ ದಳವಿರಲಿಲ್ಲ. ಸೌತ್ ಫುಲ್ಟನ್ ಎಂಬ ಸಣ್ಣ ಪಟ್ಟಣದ ದಳವು, ವರ್ಷಕ್ಕೆ ೭೫ ಡಾಲರು ಕಟ್ಟಿದ ಹೊರವಲಯದ ಮನೆಗಳಿಗೆ ಮಾತ್ರ ಸಹಾಯಕ್ಕೆ ಹೋಗುತ್ತಿತ್ತು. ೨೦೧೦ರ ಸೆಪ್ಟೆಂಬರಿನಲ್ಲಿ ಹಣ ಕಟ್ಟದಿದ್ದ ಮನೆಯೊಂದಕ್ಕೆ ಬೆಂಕಿ ಬಿದ್ದಿತು. ಮನೆಯವರು ಈಗಲೇ ಕೊಡುವೆವೆಂದರೂ ದಳ ಬರಲಿಲ್ಲ. ಹಣ ಕಟ್ಟಿದ್ದ ನೆರೆಯವನ ಹೊಲಕ್ಕೆ ಕಿಡಿ ಹಾರಿದಾಗ ಬಂದಿತು, ಹೊಲವನ್ನು ಉಳಿಸಿತು, ಮನೆ ಪೂರ್ತಿ ಉರಿದುಹೋಗುವುದನ್ನು ನೋಡುತ್ತ ನಿಂತಿತು. ಆ ದಳದವರು ಹೇಡಿಗಳಲ್ಲ, ಕಟುಕರೂ ಅಲ್ಲ. ಎಲ್ಲರಿಗೂ ಸಮನಾದ ತೆರಿಗೆ ಹಾಕಲು ಜಿಲ್ಲೆಯವರು ವರ್ಷಗಟ್ಟಲೆ ಹಿಂಜರಿದುದರ ಫಲವನ್ನು ಅವರು ಕೊಳವೆ ಕೈಯಲ್ಲಿ ಹಿಡಿದು ಅನುಭವಿಸಿದರು. ಎರಡು ವರ್ಷಗಳ ಅನಂತರ ಆ ನಿಯಮ ಬದಲಾಯಿತು.

ಇದಕ್ಕೆ ಎದುರಾಗಿ ದಕ್ಷಿಣ ಅಮೆರಿಕದ ಚಿಲಿ ದೇಶವಿದೆ. ಅಲ್ಲಿ ರಾಜಧಾನಿಯಲ್ಲೂ ಬೆಂಕಿ ಆರಿಸುವವರು ಸಂಬಳವಿಲ್ಲದ ಸ್ವಯಂಸೇವಕರೇ. ೧೮೫೧ರಲ್ಲಿ ವಾಲ್ಪರೈಸೊ ಬಂದರಿನಲ್ಲಿ ಮೊದಲ ದಳ ಹುಟ್ಟಿತು. ೧೮೬೩ರ ಡಿಸೆಂಬರಿನಲ್ಲಿ ಸ್ಯಾಂಟಿಯಾಗೊ ನಗರದ ಇಗರ್ಜಿಯೊಂದರ ಬೆಂಕಿಯಲ್ಲಿ ಸುಮಾರು ಎರಡು ಸಾವಿರ ಜನ ಸತ್ತ ಮೇಲೆ ಅಲ್ಲಿಯೂ ದಳ ಹುಟ್ಟಿತು. ನಮ್ಮಂತಹ ಗಡಿನಾಡಿನವರಿಗೆ ಸ್ವಾರಸ್ಯವೆನಿಸುವ ಸಂಗತಿಯೊಂದಿದೆ. ಅಲ್ಲಿ ನೆಲಸಿದ ಜರ್ಮನರು, ಫ್ರೆಂಚರು, ಇಟಾಲಿಯನರು, ಇಂಗ್ಲಿಷರು ತಮ್ಮ ತಮ್ಮ ಸಮುದಾಯದ ದಳಗಳನ್ನು ಕಟ್ಟಿ, ತಮ್ಮ ಮೂಲದ ಹೆಸರುಗಳನ್ನು ಇಟ್ಟುಕೊಂಡೇ ಊರಿಗೆಲ್ಲ ದುಡಿಯುತ್ತ ಬಂದಿದ್ದಾರೆ. ಫಿಲಡೆಲ್ಫಿಯಾದಲ್ಲಿ ತಲೆಯೊಡೆಸಿದ ಸಮುದಾಯಭಾವವೇ ಇಲ್ಲಿ ಊರನ್ನು ಕಾಯಿತು. ಯಂತ್ರ, ಇಂಧನಗಳಿಗೆ ಸರಕಾರ ಹಣ ಕೊಡುತ್ತದೆ. ದಳದ ನಾಯಕನನ್ನು ದಳದವರೇ ಆರಿಸುತ್ತಾರೆ. ಹಣ ಸಾಲದೆಂಬ ಗೋಳು ಮಾತ್ರ ಅಲ್ಲಿಯೂ ಉಂಟು.

ಇನ್ನು ನಮ್ಮ ದೇಶ. ಇಲ್ಲಿನ ಅಗ್ನಿಶಾಮಕರು ಪ್ರಾಯಶಃ ಎಲ್ಲರೂ ಸಂಬಳದವರು. ಸಂಬಳ ಪಡೆಯುವವನ ಧೈರ್ಯ ಕಡಿಮೆಯೆಂದು ಯಾರಾದರೂ ಎಂದರೆ ಅವರಿಗೆ ೧೯೪೪ರ ಏಪ್ರಿಲ್ ೧೪ನ್ನು ನೆನಪಿಸಿರಿ. ಅಂದು ಮುಂಬಯಿ ಬಂದರಿನಲ್ಲಿ ಹತ್ತಿ ಮತ್ತು ಸಿಡಿಮದ್ದು ತುಂಬಿದ್ದ 'ಫೋರ್ಟ್ ಸ್ಟಿಕಿನ್' ಹಡಗಿಗೆ ಬೆಂಕಿ ತಗಲಿದಾಗ, ಅದನ್ನು ಆರಿಸಲು ಹತ್ತಿದ ೬೬ ಅಗ್ನಿಶಾಮಕರು ಸ್ಫೋಟದಲ್ಲಿ ಸತ್ತರು. ವರ್ಷವರ್ಷವೂ ಏಪ್ರಿಲ್ ೧೪ರಿಂದ ಆಚರಿಸುವ ಸಪ್ತಾಹ ಅವರ ನೆನಪಿನದು. ೧೯೯೨ರ ಸಂವಿಧಾನ ತಿದ್ದುಪಡಿಯ ಹನ್ನೆರಡನೆಯ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆಯನ್ನು ಪುರಸಭೆಗಳ ಕಾರ್ಯಗಳಲ್ಲೊಂದಾಗಿ ಹೆಸರಿಸಿದ್ದಾರೆ. ಮುಂಬಯಿಯಲ್ಲಿ ಅದು ಮಹಾನಗರಪಾಲಿಕೆಯ ಕೈಯಲ್ಲಿದೆ; ಕೇರಳದಲ್ಲಿ ರಾಜ್ಯ ಸರಕಾರದ ಇಲಾಖೆ. ರಾಜ್ಯದ ಕೈಯಲ್ಲಿದ್ದರೆ ಊರಿನ ಕಕ್ಷಿಗಳ ತಂಟೆ ಕಡಿಮೆ, ಆದರೆ ಠಾಣೆ ಎಲ್ಲಿ ಬೇಕೆಂದು ನಿರ್ಧರಿಸುವವರು ದೂರದಲ್ಲಿ. ಗಡಿಯಲ್ಲಿರುವ ನಮ್ಮಂಥವರಿಗೆ ಆ ದೂರ ಎಷ್ಟೆಂಬುದು ಗೊತ್ತಿದ್ದುದೇ.

೨೦೧೮ರ ಮಹಾಪೂರದಲ್ಲಿ ಕೇರಳದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೇರಿಸಿ ಒಳನಾಡಿಗೆ ಬಂದು ಸಾವಿರಾರು ಜನರನ್ನು ಉಳಿಸಿದರು. ಅದನ್ನು ಕಂಡ ಸರಕಾರ ಮರುವರ್ಷ ಅಗ್ನಿಶಾಮಕ ಇಲಾಖೆಯ ಅಡಿಯಲ್ಲೇ ಸ್ವಯಂಸೇವಕರ ನಾಗರಿಕ ರಕ್ಷಣಾ ಪಡೆಯೊಂದನ್ನು ಮಂಜೂರು ಮಾಡಿತು. ಠಾಣೆಯೊಂದಕ್ಕೆ ೫೦ ಮಂದಿಯ ಲೆಕ್ಕ. ಸಂಬಳವಿಲ್ಲ, ತರಬೇತಿ ಉಂಟು, ಕೆಲಸ ಠಾಣೆಯ ಅಧಿಕಾರಿಯ ಮಾತಿನಂತೆ. ಈ ಕೊನೆಯ ಅಂಶ ನಮಗೆ ಬಹಳ ಒಪ್ಪಿಗೆಯಾಗಿದೆ. ಗುಲಿಕನ ಕಾಲದಲ್ಲಿ ಇಲ್ಲದುದು ಅದೊಂದೇ. ಬೆಂಕಿಯ ಮುಂದೆ ಯಾರ ಮಾತು ನಡೆಯಬೇಕೆಂಬುದು ಬೆಂಕಿ ಬೀಳುವ ಮೊದಲೇ ತೀರ್ಮಾನವಾಗಿರಬೇಕು. ಪೀಪಾಯಿಯ ಮೇಲೆ ಕುಳಿತು ತೀರ್ಮಾನಿಸುವುದಲ್ಲ. ಇಲ್ಲಿ ಕುಳಿತ ಪಾಲಕರಲ್ಲಿ ಹದಿನೆಂಟು ತುಂಬಿದ ಮಕ್ಕಳಿರುವವರು ಹತ್ತಿರದ ಠಾಣೆಯಲ್ಲಿ ವಿಚಾರಿಸಬಹುದು. ಅಲ್ಲಿ ನಮ್ಮವರ ಹೆಸರೂ ಇದ್ದರೆ, ಮನೆಯೊಳಗಿನ ಅಜ್ಜಿ ಕನ್ನಡದಲ್ಲೋ ತುಳುವಿನಲ್ಲೋ ಕೂಗಿದುದು ಒಬ್ಬನಿಗಾದರೂ ತಿಳಿಯುತ್ತದೆ.

ಕೊನೆಗೆ ಸಣ್ಣ ಮಕ್ಕಳಿಗೆ ಒಂದು ಮಾತು. ಬೇಸಗೆಯಲ್ಲಿ ಮುಳಿಹುಲ್ಲಿನ ಗುಡ್ಡೆಗಳಿಗೆ ಬೆಂಕಿ ಹಿಡಿಯುವ ಕಾಲ ಬರುತ್ತಿದೆ. ಕರೆಯಬೇಕಾದ ಸಂಖ್ಯೆ ೧೦೧. ೧೧೨ಕ್ಕೆ ಕರೆದರೂ ಆದೀತು. ಊರಿನ ಹೆಸರು, ಮನೆಯ ಹೆಸರು, ದೊಡ್ಡ ರಸ್ತೆಯಿಂದ ತಿರುಗಬೇಕಾದ ತಾಣ, ಬಂಡಿ ಬರುವಷ್ಟು ದಾರಿ ಅಗಲವಿದೆಯೇ ಎಂಬುದು, ಒಳಗೆ ಯಾರಾದರೂ ಇದ್ದಾರೆಯೇ ಎಂಬುದು, ಇಷ್ಟನ್ನು ನಿಧಾನವಾಗಿ ಹೇಳಿರಿ. ಅವರು ಸಾಕೆನ್ನುವ ತನಕ ದೂರವಾಣಿ ಇಡಬೇಡಿರಿ. ಆ ಕಡೆಯವರು ಮಲಯಾಳದಲ್ಲಿ ಕೇಳಿದರೆ ಮಲಯಾಳದಲ್ಲೇ ಹೇಳಿರಿ. ಭಾಷಾಭಿಮಾನ ತೋರಿಸಲು ನಮಗೆ ಬೇರೆ ದಿನಗಳು ಬೇಕಾದಷ್ಟಿವೆ. ಆಮೇಲೆ ಒಬ್ಬರು ರಸ್ತೆಯ ತಿರುವಿಗೆ ಹೋಗಿ, ಬರುವ ಬಂಡಿಗೆ ಕಾಣುವಂತೆ ನಿಂತುಕೊಳ್ಳಿರಿ.